ಎರಡು ಪ್ರೋಟೀನ್ ಎಲ್ಲೆಲ್ಲಿ ಮುಟ್ಟಿಕೊಳ್ಳುತ್ತವೆ? ಕಂಪ್ಯೂಟರಿನಲ್ಲಿ ಗುರುತಿಸಿ ಪಟ್ಟಿ ಮಾಡುವ ಬಗೆ

ಕೊರೋನಾ ವೈರಸ್ಸಿನ ಸ್ಪೈಕ್ ಪ್ರೋಟೀನ್ ನಮ್ಮ ಜೀವಕೋಶದ ಮೇಲಿರುವ ಏಸ್2 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ ಅಂತ 2020ರಲ್ಲಿ ನಾವೆಲ್ಲ ಓದಿದೆವು. ಹಿಡಿದುಕೊಳ್ಳುವುದು ಅಂದರೆ ಏನು? ಈ ಕಡೆಯ ಯಾವ ಅಮೈನೋ ಆಮ್ಲ ಆ ಕಡೆಯ ಯಾವುದಕ್ಕೆ ತಾಗುತ್ತದೆ? ಎಷ್ಟು ಜಾಗ ಮುಚ್ಚಿಹೋಗುತ್ತದೆ? ಇದನ್ನು ನೀವೇ, ಮನೆಯ ಲ್ಯಾಪ್‌ಟಾಪಿನಲ್ಲಿ, ಒಂದು ಸಂಜೆಯಲ್ಲಿ ಲೆಕ್ಕ ಹಾಕಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಬಯೋಟೆಕ್ನಾಲಜಿ ಅಥವಾ ಬಯೋಕೆಮಿಸ್ಟ್ರಿ ಓದುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಮೈನೋ ಆಮ್ಲ, ಪ್ರೋಟೀನ್ ಸರಪಳಿ ಗೊತ್ತಿದ್ದರೆ ಸಾಕು. ಪೈಥಾನ್ ಸ್ವಲ್ಪ ಬಂದರೆ ಒಳ್ಳೆಯದು, ಬರದಿದ್ದರೂ ಮೊದಲ ಪಟ್ಟಿಯನ್ನು ಕೈಯಲ್ಲೇ ಮಾಡಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ಇದರಲ್ಲಿ ಲೆಕ್ಕದ ಭಾಗ ಕಷ್ಟ ಇಲ್ಲ, ಅದನ್ನು ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಜನ ಎಡವುವುದು ನಿಯಮದಲ್ಲಿ. ಎಷ್ಟು ಹತ್ತಿರ ಬಂದರೆ ಮುಟ್ಟಿತು ಅಂತ ಕರೆದಿರಿ, ನೀರನ್ನು ಸೇರಿಸಿದಿರಾ, ಬಿಟ್ಟಿರಾ, ಯಾವ ಸರಪಳಿಗಳನ್ನು ತೆಗೆದುಕೊಂಡಿರಿ? ಇವನ್ನು ಬರೆದಿಡದೆ ಮಾಡಿದ ಪಟ್ಟಿಯನ್ನು ಆರು ತಿಂಗಳ ನಂತರ ನೀವೇ ತೆರೆದರೂ ಅರ್ಥವಾಗುವುದಿಲ್ಲ. ಅದಕ್ಕೇ ಪ್ರತಿ ಹಂತದಲ್ಲೂ ಏನು ಬರೆದಿಡಬೇಕು ಅಂತ ಹೇಳುತ್ತಾ ಹೋಗುತ್ತೇನೆ. ಒಂದು ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೊದಲು ರಚನೆಯ ಫೈಲ್ ತನ್ನಿ

ಪ್ರೋಟೀನುಗಳ ಮೂರು ಆಯಾಮದ ರಚನೆಗಳೆಲ್ಲ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ಇವೆ. ಎಲ್ಲರೂ ಪಿಡಿಬಿ ಅಂತಲೇ ಕರೆಯುತ್ತಾರೆ. 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದದ್ದು, ಈಗ 2 ಲಕ್ಷ ದಾಟಿದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದೊಂದು ರಚನೆಗೂ ನಾಲ್ಕು ಅಕ್ಷರದ ಗುರುತು ಇರುತ್ತದೆ. ನಮಗೆ ಬೇಕಾದದ್ದು 6ಎಂ0ಜೆ. ಮಧ್ಯದಲ್ಲಿ ಇರುವುದು ಸೊನ್ನೆ, ಅಕ್ಷರ ಅಲ್ಲ.

ಬೀಜಿಂಗಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ರಚನೆ ಇದು. ಇದರಲ್ಲಿ ಎ ಸರಪಳಿ ಮನುಷ್ಯರ ಏಸ್2. ಇ ಸರಪಳಿ ಸ್ಪೈಕಿನ ಒಂದು ತುಂಡು. ಏಸ್2ಗೆ ಅಂಟುವ ತುಂಡು ಇದೇ, ಆರ್‌ಬಿಡಿ ಅಂತ ಅದರ ಹೆಸರು. ಒಂದು ಏಸ್2, ಒಂದು ಆರ್‌ಬಿಡಿ, ಅಷ್ಟೇ. ಕಲಿಯುವವರಿಗೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ.

ಫೈಲ್ ಇಳಿಸುವಾಗ ಹಳೆಯ ಪಿಡಿಬಿ ನಮೂನೆ, ಹೊಸ ಎಂಎಂಸಿಐಎಫ್ ನಮೂನೆ ಅಂತ ಎರಡು ಆಯ್ಕೆ ಕಾಣುತ್ತವೆ. ಹೊಸದನ್ನೇ ತೆಗೆದುಕೊಳ್ಳಿ. ದೊಡ್ಡ ರಚನೆಗಳು ಹಳೆಯ ನಮೂನೆಯಲ್ಲಿ ಹಿಡಿಸುವುದೇ ಇಲ್ಲ.

ಇಳಿಸಿದ ಕೂಡಲೇ ಲೆಕ್ಕಕ್ಕೆ ಕೂರಬೇಡಿ. ಆ ರಚನೆಯ ಪುಟದಲ್ಲಿ ಗುಣಮಟ್ಟದ ವರದಿ ಇರುತ್ತದೆ, ಅದನ್ನು ಐದು ನಿಮಿಷ ನೋಡಿ. ಮೊದಲು ರೆಸಲ್ಯೂಶನ್. 6ಎಂ0ಜೆಯದು 2.45 ಆಂಗ್‌ಸ್ಟ್ರಾಮ್. ಪರಮಾಣುಗಳ ಮಟ್ಟದ ಅಳತೆಯ ಮಾನ ಅದು, ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ರೆಸಲ್ಯೂಶನ್ ಸಂಖ್ಯೆ ಕಡಿಮೆ ಇದ್ದಷ್ಟೂ ಚಿತ್ರ ಸ್ಪಷ್ಟ. 2.45ರಲ್ಲಿ ಅಮೈನೋ ಆಮ್ಲಗಳ ಪಕ್ಕದ ಕೊಂಬೆಗಳು ಚೆನ್ನಾಗಿಯೇ ಕಾಣುತ್ತವೆ, ಆದರೆ ಹೈಡ್ರೋಜನ್ ಪರಮಾಣುಗಳು ಕಾಣುವುದಿಲ್ಲ. ಆಮೇಲೆ ರಾಮಚಂದ್ರನ್ ನಕ್ಷೆಯಲ್ಲಿ ಎಷ್ಟು ರೆಸಿಡ್ಯೂಗಳು (ಸರಪಳಿಯಲ್ಲಿ ಕೂತ ಒಂದೊಂದು ಅಮೈನೋ ಆಮ್ಲಕ್ಕೆ ರೆಸಿಡ್ಯೂ ಅಂತ ಹೆಸರು) ಗೆರೆ ದಾಟಿವೆ ನೋಡಿ. ಪ್ರೋಟೀನಿನ ಬೆನ್ನೆಲುಬು ಎಷ್ಟು ತಿರುಚಬಹುದು, ಎಷ್ಟು ತಿರುಚಲಾರದು ಅಂತ ಹೇಳುವ ನಕ್ಷೆ ಅದು. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿ ಮಾಡಿ 1963ರಲ್ಲಿ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇವತ್ತಿಗೂ ಪಿಡಿಬಿಗೆ ಹೋಗುವ ಪ್ರತಿಯೊಂದು ಪ್ರೋಟೀನ್ ಈ ನಕ್ಷೆಯ ಮುಂದೆ ಹಾಜರಾಗಬೇಕು. ನನಗೆ ಆ ವರದಿ ತೆರೆದಾಗಲೆಲ್ಲ ಹೆಮ್ಮೆ ಅನಿಸುತ್ತದೆ.

ನೋಟ್‌ಬುಕ್ಕಿನಲ್ಲಿ: ರಚನೆಯ ಗುರುತು, ರೆಸಲ್ಯೂಶನ್, ಯಾವ ವಿಧಾನದಿಂದ ಸಿಕ್ಕ ರಚನೆ, ಇಳಿಸಿದ ತಾರೀಕು. ತಾರೀಕು ಯಾಕೆ ಅಂದರೆ, ಹಳೆಯ ರಚನೆಗಳನ್ನು ತಿದ್ದಿ ಮತ್ತೆ ಹಾಕುವುದುಂಟು.

ಫೈಲಿನಲ್ಲಿ ಇರುವುದೆಲ್ಲ ನಿಜವಾದ ಜೋಡಿ ಅಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ. ಹೊಸಬರು ಜಾಸ್ತಿ ತಪ್ಪುವುದು ಇದೇ ಜಾಗದಲ್ಲಿ.

ಎಕ್ಸ್‌ರೇ ವಿಧಾನದಲ್ಲಿ ರಚನೆ ತೆಗೆಯಬೇಕಾದರೆ ಪ್ರೋಟೀನನ್ನು ಹರಳು ಮಾಡಬೇಕು. ಹರಳಿನೊಳಗೆ ಕೋಟ್ಯಂತರ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಬೆಳಗಿನ ಹೊತ್ತು ಸಿಟಿ ಬಸ್ಸಿನಲ್ಲಿ ಪಕ್ಕದವರ ಭುಜ ತಾಗುತ್ತದೆ ಅಲ್ವಾ? ತಾಗಿತು ಅಂತ ಅವರು ನಮಗೆ ನೆಂಟರಾಗುವುದಿಲ್ಲ. ಹರಳಿನಲ್ಲಿ ಕಾಣುವ ಎಷ್ಟೋ ಸ್ಪರ್ಶಗಳು ಇಂಥವೇ. ಜೀವಕೋಶದಲ್ಲಿ ಆ ಎರಡು ಅಣುಗಳು ಹಾಗೆ ಕೂಡುವುದೇ ಇಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ನಿಜವಾದ ಜೋಡಿ ಫೈಲಿನಲ್ಲಿ ಕಾಣದೆ ಇರಬಹುದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳು ಇವೆ, ಎರಡು ಆಲ್ಫಾ, ಎರಡು ಬೀಟಾ. ಆದರೆ 1ಎಚ್‌ಎಚ್‌ಒ ಎಂಬ ಹಿಮೋಗ್ಲೋಬಿನ್ ಫೈಲ್ ತೆರೆದರೆ ಒಂದು ಆಲ್ಫಾ, ಒಂದು ಬೀಟಾ ಮಾತ್ರ ಸಿಗುತ್ತವೆ. ಹರಳಿನ ಸಮ್ಮಿತಿ ಬಳಸಿದರೆ ಉಳಿದ ಅರ್ಧ ತಾನಾಗಿ ಬರುತ್ತದೆ ಅಂತ ಅರ್ಧವನ್ನಷ್ಟೇ ಇಟ್ಟಿರುತ್ತಾರೆ. ಕಲಿಯುವ ಕಾಲದಲ್ಲಿ ನಾನು ಆ ಅರ್ಧವನ್ನೇ ಪೂರ್ತಿ ಅಂತ ತಿಳಿದು ಪಟ್ಟಿ ಮಾಡಿದ್ದೆ. ಎರಡು ಅರ್ಧಗಳ ನಡುವಿನ ಸ್ಪರ್ಶಗಳು ಪಟ್ಟಿಯಲ್ಲಿ ಇರಲೇ ಇಲ್ಲ. ಆಮ್ಲಜನಕ ಹಿಡಿಯುವಾಗ, ಬಿಡುವಾಗ ಹಿಮೋಗ್ಲೋಬಿನ್ ಜರುಗುವುದು ಆ ನಡುವಿನಲ್ಲೇ. ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಅಂದಿನಿಂದ ಈ ಹಂತವನ್ನು ನಾನು ಹಾರಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪಿಡಿಬಿಯಲ್ಲಿ ಪ್ರತಿ ರಚನೆಗೂ ಬಯಾಲಾಜಿಕಲ್ ಅಸೆಂಬ್ಲಿ ಅಂತ ಬೇರೆ ಫೈಲ್ ಇರುತ್ತದೆ. ಜೀವಿಯೊಳಗೆ ಇರುವ ರೂಪ ಇದು ಅಂತ ಸಂಶೋಧಕರು ಅಥವಾ ಸಾಫ್ಟ್‌ವೇರ್ ಸೂಚಿಸಿದ ಜೋಡಣೆ. ಅದನ್ನೇ ಇಳಿಸಿಕೊಳ್ಳಿ. ಹಳೆಯ ನಮೂನೆಯಲ್ಲಿ ಇಳಿಸಿದರೆ ಒಂದು ತೊಂದರೆ ಇದೆ. ಸಮ್ಮಿತಿಯಿಂದ ಬಂದ ಪ್ರತಿಗಳು ಬೇರೆ ಬೇರೆ ಮಾಡೆಲ್‌ಗಳಾಗಿ, ಅದೇ ಸರಪಳಿ ಹೆಸರಿನಲ್ಲಿ ಕೂತಿರುತ್ತವೆ. ನಿಮ್ಮ ಸ್ಕ್ರಿಪ್ಟ್ ಮೊದಲ ಮಾಡೆಲ್ ಮಾತ್ರ ಓದಿದರೆ ಉಳಿದದ್ದು ಕಾಣುವುದೇ ಇಲ್ಲ, ತಪ್ಪಾಗಿದೆ ಅಂತ ಸೂಚನೆಯೂ ಬರುವುದಿಲ್ಲ.

ಅನುಮಾನ ಇದ್ದರೆ ಪೀಸಾ ಎಂಬ ಸೇವೆ ಇದೆ, ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್ ನಡೆಸುತ್ತದೆ. ಹರಳಿನಲ್ಲಿ ಇರುವ ಎಲ್ಲ ಸ್ಪರ್ಶಗಳನ್ನೂ ತೆಗೆದು, ಯಾವುದು ದ್ರಾವಣದಲ್ಲೂ ಉಳಿಯುವಷ್ಟು ಗಟ್ಟಿ ಅಂತ ಶಕ್ತಿಯ ಲೆಕ್ಕದಿಂದ ಅಂದಾಜು ಕೊಡುತ್ತದೆ. ಇಪಿಪಿಐಸಿ ಎಂಬ ಇನ್ನೊಂದು ಸಾಧನ ವಿಕಾಸದ ಕಡೆಯಿಂದ ನೋಡುತ್ತದೆ. ಬೇರೆ ಬೇರೆ ಜೀವಿಗಳಲ್ಲಿ ಆ ಜಾಗದ ಅಮೈನೋ ಆಮ್ಲಗಳು ಬದಲಾಗದೆ ಉಳಿದಿದ್ದರೆ ಅದು ಕೆಲಸಕ್ಕೆ ಬರುವ ಜಾಗ ಅಂತ ಅದರ ತರ್ಕ. ಎರಡೂ ಒಂದೇ ಉತ್ತರ ಕೊಟ್ಟರೆ ನೆಮ್ಮದಿ. ಕೊಡದಿದ್ದರೆ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಅನುಮಾನ ಅಂತ ಬರೆಯಿರಿ. ಸುಮ್ನೆ ಒಂದನ್ನು ಆರಿಸಿ ಇನ್ನೊಂದನ್ನು ಮರೆಮಾಡಬೇಡಿ.

6ಎಂ0ಜೆಯಲ್ಲಿ ಈ ತಲೆನೋವು ಇಲ್ಲ. ಫೈಲಿನಲ್ಲಿ ಇರುವ ಜೋಡಿಯೇ ನಿಜವಾದ ಜೋಡಿ.

ಫೈಲ್ ಶುಚಿ ಮಾಡಿ

ರಚನೆಯ ಫೈಲಿನಲ್ಲಿ ಪ್ರೋಟೀನ್ ಒಂದೇ ಇರುವುದಿಲ್ಲ. 6ಎಂ0ಜೆಯಲ್ಲಿ ನೀರಿನ ಅಣುಗಳು ಇವೆ, ಏಸ್2 ಒಳಗೆ ಒಂದು ಸತುವಿನ ಅಯಾನು ಇದೆ, ಪ್ರೋಟೀನಿಗೆ ಅಂಟಿಕೊಂಡ ಸಕ್ಕರೆ ಅಣುಗಳೂ ಇವೆ. ಮೊದಲ ಪಟ್ಟಿಗೆ ಇವನ್ನೆಲ್ಲ ತೆಗೆದು ಎರಡು ಪ್ರೋಟೀನ್ ಸರಪಳಿ ಮಾತ್ರ ಇಟ್ಟುಕೊಳ್ಳಿ. ನೀರಿನ ಮೂಲಕ ಆಗುವ ಸಂಪರ್ಕವೂ ಮುಖ್ಯವೇ. ಆದರೆ ಅದಕ್ಕೆ ಬೇರೆ ಪಟ್ಟಿ ಮಾಡಿ, ಇದರಲ್ಲಿ ಬೆರೆಸಬೇಡಿ.

ತೆಗೆಯುವಾಗ ಒಂದು ಎಚ್ಚರ. ಪ್ರೋಟೀನ್ ಅಲ್ಲದ ಎಲ್ಲ ಸಾಲುಗಳನ್ನೂ ಕಣ್ಣುಮುಚ್ಚಿ ಅಳಿಸುವ ಸ್ಕ್ರಿಪ್ಟ್‌ಗಳು ಸೆಲೆನೋಮೆಥಿಯೋನೀನನ್ನೂ ಅಳಿಸಿಬಿಡುತ್ತವೆ. ಪ್ರಯೋಗದ ಅನುಕೂಲಕ್ಕೆ ಮೆಥಿಯೋನೀನಿನ ಜಾಗದಲ್ಲಿ ಹಾಕಿರುವ ಅಮೈನೋ ಆಮ್ಲ ಅದು, ಸರಪಳಿಯ ಭಾಗವೇ. ಹಾಗೆಯೇ ಕೆಲವು ರೆಸಿಡ್ಯೂಗಳಿಗೆ ಎರಡು ಭಂಗಿ ಕೊಟ್ಟಿರುತ್ತಾರೆ. ಜಾಸ್ತಿ ಪಾಲು ಇರುವ ಭಂಗಿಯನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ. ಇಲ್ಲದಿದ್ದರೆ ಒಂದೇ ಸ್ಪರ್ಶ ಎರಡು ಸಲ ಎಣಿಕೆಗೆ ಬರುತ್ತದೆ.

ಇನ್ನು ನಂಬರಿನ ವಿಷಯ. ಪಹಣಿಯಲ್ಲಿ ಹೊಲಕ್ಕೆ ಒಂದು ಸರ್ವೆ ನಂಬರ್ ಇರುತ್ತದೆ, ಊರವರು ಕರೆಯುವ ಹೆಸರು ಬೇರೆಯೇ ಇರುತ್ತದೆ. ಜಾಗ ಒಂದೇ. ಎಂಎಂಸಿಐಎಫ್ ಫೈಲಿನಲ್ಲೂ ಪ್ರತಿ ರೆಸಿಡ್ಯೂಗೆ ಎರಡು ನಂಬರ್. ಒಂದು ಸಂಶೋಧಕರು ಕೊಟ್ಟದ್ದು, ಇನ್ನೊಂದು ಪಿಡಿಬಿ 1ರಿಂದ ಎಣಿಸಿ ಕೊಟ್ಟದ್ದು. 6ಎಂ0ಜೆಯಲ್ಲಿ ಸಂಶೋಧಕರ ನಂಬರ್ ಪೂರ್ತಿ ಸ್ಪೈಕಿನ ನಂಬರಿಗೆ ಹೊಂದುತ್ತದೆ. ಹಾಗಾಗಿ ರೂಪಾಂತರಗಳ ಸುದ್ದಿಯಲ್ಲಿ ಕೇಳಿದ 501 ಇಲ್ಲೂ 501. ಪಿಡಿಬಿಯ ಸ್ವಂತ ಎಣಿಕೆ ತೆಗೆದುಕೊಂಡರೆ ಅದು ಬೇರೆ ಯಾವುದೋ ಸಂಖ್ಯೆ. ಎಲ್ಲ ರಚನೆಗಳೂ ಇಷ್ಟು ಅನುಕೂಲವಾಗಿ ಇರುವುದಿಲ್ಲ. ಪಿಡಿಬಿಯ ನಂಬರನ್ನು ಯುನಿಪ್ರಾಟ್ (ಪ್ರೋಟೀನ್ ಅನುಕ್ರಮಗಳ ಭಂಡಾರ) ನಂಬರಿಗೆ ಹೊಂದಿಸಿ ಕೊಡುವ ಸಿಫ್ಟ್ಸ್ ಎಂಬ ಸಿದ್ಧ ಕೋಷ್ಟಕ ಇದೆ. ಪಟ್ಟಿಯಲ್ಲಿ ಎರಡೂ ನಂಬರ್ ಇರಲಿ.

ಅಂತರ ಅಳೆಯಿರಿ

ಈಗ ನಿಜವಾದ ಅಳತೆ. ಎರಡು ಸರಪಳಿಗಳ ಯಾವ ಪರಮಾಣುಗಳು ಹತ್ತಿರ ಇವೆ ಅಂತ ನೋಡುವುದು, ಅಷ್ಟೇ. ಎರಡೂ ತಾಗುವ ಜಾಗಕ್ಕೆ ಇಂಟರ್‌ಫೇಸ್ ಅಂತ ಹೆಸರು. ಇ ಸರಪಳಿಯ ಒಂದು ರೆಸಿಡ್ಯೂವಿನ ಯಾವುದೇ ಪರಮಾಣು, ಎ ಸರಪಳಿಯ ಯಾವುದೇ ಪರಮಾಣುವಿನಿಂದ 4 ಆಂಗ್‌ಸ್ಟ್ರಾಮ್ ಒಳಗೆ ಇದ್ದರೆ, ಎರಡೂ ರೆಸಿಡ್ಯೂಗಳು ಇಂಟರ್‌ಫೇಸಿನಲ್ಲಿ ಇವೆ ಅಂತ ಬರೆದುಕೊಳ್ಳಿ. ಹೈಡ್ರೋಜನ್ ಎಣಿಸಬೇಡಿ.

4 ಯಾಕೆ? ಎರಡು ಇಂಗಾಲದ ಪರಮಾಣುಗಳು ಬಂಧವಿಲ್ಲದೆ ಒಂದಕ್ಕೊಂದು ಒರಗಿದಾಗ ಕೇಂದ್ರದಿಂದ ಕೇಂದ್ರಕ್ಕೆ ಹತ್ತಿರ ಹತ್ತಿರ 3.5ರಿಂದ 4 ಆಂಗ್‌ಸ್ಟ್ರಾಮ್ ದೂರ ಇರುತ್ತದೆ. ಕೆಲವರು 5 ಇಡುತ್ತಾರೆ. ರಚನೆ ಅಷ್ಟು ಸ್ಪಷ್ಟ ಇಲ್ಲದಿದ್ದರೆ 5 ಇಡುವುದರಲ್ಲಿ ಅರ್ಥವಿದೆ. ಬೀಟಾ ಇಂಗಾಲಗಳ (ಪಕ್ಕದ ಕೊಂಬೆಯ ಮೊದಲ ಇಂಗಾಲ) ನಡುವೆ 8 ಆಂಗ್‌ಸ್ಟ್ರಾಮ್ ಅಂತ ಒರಟು ನಿಯಮವೂ ಚಾಲ್ತಿಯಲ್ಲಿದೆ. ಯಾವುದನ್ನು ಬಳಸಿದರೂ ಪಟ್ಟಿಯ ತಲೆಯಲ್ಲಿ ಬರೆಯಿರಿ. ಮಿತಿ ಸಡಿಲಿಸಿದಂತೆಲ್ಲ ಅಂಚಿನ ರೆಸಿಡ್ಯೂಗಳು ಒಳಗೆ ಬರುತ್ತಾ ಹೋಗುತ್ತವೆ.

ಕೋಡ್ ಬರೆಯದೆ ಮಾಡುವುದಾದರೆ ಕೈಮೆರಾಎಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ಓದಿಗೆ ಪುಕ್ಕಟೆ. 6ಎಂ0ಜೆ ತೆರೆದು, ಇ ಸರಪಳಿಯನ್ನು ಆರಿಸಿ, ಟೂಲ್ಸ್ ಮೆನುವಿನ ಸ್ಟ್ರಕ್ಚರ್ ಅನಾಲಿಸಿಸ್ ಒಳಗೆ ಕಾಂಟ್ಯಾಕ್ಟ್ಸ್ ಒತ್ತಿ. ಆರಿಸಿದ ಭಾಗ ಮತ್ತು ಎ ಸರಪಳಿಯ ನಡುವಿನದು ಮಾತ್ರ ಬೇಕು ಅಂತ ಗುರುತು ಮಾಡಿ. ಒಂದು ಮುಖ್ಯ ವಿಷಯ ಗಮನಿಸಿ. ಅದು ತಾನಾಗಿ ಬಳಸುವ ನಿಯಮ ಕೇಂದ್ರಗಳ ಅಂತರ ಅಲ್ಲ, ಪರಮಾಣುಗಳ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡು ಅವು ಎಷ್ಟು ಒತ್ತಿಕೊಂಡಿವೆ ಎಂಬುದು. ಅದನ್ನು ಬದಲಾಯಿಸಿ ಅಂತರ 4 ಅಂತ ಹಾಕಿ. ಫಲಿತಾಂಶವನ್ನು ಫೈಲಿನಲ್ಲಿ ಉಳಿಸಿ, ಎಕ್ಸೆಲ್‌ನಲ್ಲಿ ತೆರೆಯಿರಿ.

ಪೈಥಾನ್ ಬರುವವರು ಬಯೋಪೈಥಾನ್ ಬಳಸಬಹುದು. ಏಸ್2 ಭಾಗದಲ್ಲಿ ಸುಮಾರು 600 ರೆಸಿಡ್ಯೂ, ಆರ್‌ಬಿಡಿಯಲ್ಲಿ ಸುಮಾರು 200. ಪರಮಾಣುಗಳ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಸಾವಿರ ಮತ್ತು ಒಂದೂವರೆ ಸಾವಿರ. ಎಲ್ಲ ಜೋಡಿಗಳನ್ನೂ ಅಳೆದರೆ 75 ಲಕ್ಷದ ಆಸುಪಾಸು. ಒಂದು ರಚನೆಗೆ ಪರವಾಗಿಲ್ಲ. ಸಾವಿರಾರು ರಚನೆ ಅಂದರೆ ಕಂಪ್ಯೂಟರ್ ದಿನಗಟ್ಟಲೆ ಕೂರುತ್ತದೆ. ಬಯೋಪೈಥಾನಿನ ನೇಬರ್‌ಸರ್ಚ್ ಜಾಗವನ್ನು ಭಾಗ ಮಾಡಿಕೊಂಡು ಅಕ್ಕಪಕ್ಕದ ಪರಮಾಣುಗಳನ್ನು ಮಾತ್ರ ಹುಡುಕುತ್ತದೆ, ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

ನಿಮಗೆ ಬಂದ ಉತ್ತರವನ್ನು ತಾಳೆ ನೋಡಲು ಈ ರಚನೆಯಲ್ಲಿ ಒಂದು ಅನುಕೂಲ ಇದೆ. ಇದನ್ನು ಬಿಡಿಸಿದವರೇ 4 ಆಂಗ್‌ಸ್ಟ್ರಾಮ್ ಮಿತಿಯಲ್ಲಿ ಎಣಿಸಿ, ಆರ್‌ಬಿಡಿಯ 17 ರೆಸಿಡ್ಯೂಗಳು ಏಸ್2ನ 20 ರೆಸಿಡ್ಯೂಗಳಿಗೆ ತಾಗುತ್ತವೆ ಅಂತ ಬರೆದಿದ್ದಾರೆ. ಆರ್‌ಬಿಡಿ ಕಡೆಯ ನಂಬರುಗಳು ಇವು: 417, 446, 449, 453, 455, 456, 475, 486, 487, 489, 493, 496, 498, 500, 501, 502, 505. ನಿಮ್ಮ ಪಟ್ಟಿ ಇದಕ್ಕೆ ಹೊಂದಿದರೆ ಮುಂದಕ್ಕೆ ಹೋಗಿ. ಒಂದೆರಡು ಹೆಚ್ಚುಕಡಿಮೆ ಬಂದರೆ ಎರಡು ಭಂಗಿಯ ರೆಸಿಡ್ಯೂ, ಹೈಡ್ರೋಜನ್, 4ರ ಗಡಿಯಲ್ಲೇ ಕೂತ ಪರಮಾಣು, ಇವುಗಳಲ್ಲಿ ಕಾರಣ ಹುಡುಕಿ. ಮೂವತ್ತೋ ನಲವತ್ತೋ ಬಂದರೆ ಮಿತಿ ತಪ್ಪಾಗಿದೆ.

ಮುಚ್ಚಿಹೋದ ಜಾಗ ಅಳೆಯಿರಿ

ಅಂತರ ಒಂದು ಬಗೆಯ ಅಳತೆ. ಇನ್ನೊಂದು ಬಗೆ ನನಗೆ ತುಂಬಾ ಇಷ್ಟ. ಎರಡು ಅಂಗೈಗಳನ್ನು ಬಿಗಿಯಾಗಿ ಒತ್ತಿ ಹಿಡಿದು ಬಕೆಟ್ ನೀರಿನಲ್ಲಿ ಮುಳುಗಿಸಿ ತೆಗೆಯಿರಿ. ಕೈ ಬಿಡಿಸಿದಾಗ ಮಧ್ಯದಲ್ಲಿ ಒದ್ದೆಯಾಗದ ಜಾಗ ಇರುತ್ತದೆ. ಪ್ರೋಟೀನಿನಲ್ಲಿ ಇಂಟರ್‌ಫೇಸ್ ಅಂದರೆ ಆ ಒಣ ಜಾಗ.

ಇದನ್ನು ಲೆಕ್ಕ ಹಾಕುವ ದಾರಿಯನ್ನು ಲೀ ಮತ್ತು ರಿಚರ್ಡ್ಸ್ 1971ರಲ್ಲಿ ತೋರಿಸಿದರು. ನೀರಿನ ಅಣುವನ್ನು 1.4 ಆಂಗ್‌ಸ್ಟ್ರಾಮ್ ತ್ರಿಜ್ಯದ ಗೋಲಿ ಅಂದುಕೊಂಡು ಪ್ರೋಟೀನಿನ ಮೈಮೇಲೆ ಉರುಳಿಸುವುದು. ಗೋಲಿಯ ಕೇಂದ್ರ ಓಡಾಡುವ ಮೇಲ್ಮೈ ಎಷ್ಟು ವಿಸ್ತಾರ ಅಂತ ಅಳೆಯುವುದು. ಫ್ರೀಸಾಸಾ ಎಂಬ ಸಣ್ಣ ಪ್ರೋಗ್ರಾಂ ಇದನ್ನು ಮಾಡುತ್ತದೆ, ಕೈಮೆರಾಎಕ್ಸ್‌ನಲ್ಲೂ ಸೌಲಭ್ಯ ಇದೆ.

ಮೂರು ಸಲ ಅಳೆಯಬೇಕು. ಏಸ್2 ಒಂದೇ ಇದ್ದಾಗ, ಆರ್‌ಬಿಡಿ ಒಂದೇ ಇದ್ದಾಗ, ಎರಡೂ ಜೊತೆಯಲ್ಲಿ ಇದ್ದಾಗ. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆಯಿರಿ. ಉಳಿದದ್ದು ಮುಚ್ಚಿಹೋದ ವಿಸ್ತೀರ್ಣ. 6ಎಂ0ಜೆಯಲ್ಲಿ ಸುಮಾರು 1,700 ಚದರ ಆಂಗ್‌ಸ್ಟ್ರಾಮ್ ಬರಬೇಕು, ಎರಡು ಕಡೆಯಿಂದ ಹತ್ತಿರ ಹತ್ತಿರ ಅರ್ಧರ್ಧ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಪೀಸಾ ಕೊಡುವ ಇಂಟರ್‌ಫೇಸ್ ವಿಸ್ತೀರ್ಣ ನಿಮ್ಮ ಸಂಖ್ಯೆಯ ಅರ್ಧ ಮಾತ್ರ ಇರುತ್ತದೆ. ಅವರದೂ ಸರಿ, ನಿಮ್ಮದೂ ಸರಿ. ಪೀಸಾ ಎರಡು ಕಡೆಯ ಮೊತ್ತವನ್ನು 2ರಿಂದ ಭಾಗಿಸುತ್ತದೆ. ಕೆಲವು ಪ್ರಬಂಧಗಳು ಭಾಗಿಸುತ್ತವೆ, ಕೆಲವು ಭಾಗಿಸುವುದಿಲ್ಲ. ಹಾಗಾಗಿ ಪಟ್ಟಿಯ ಅಂಕಣಕ್ಕೆ ವಿಸ್ತೀರ್ಣ ಅಂತ ಮಾತ್ರ ಹೆಸರಿಡಬೇಡಿ. ಎರಡೂ ಕಡೆ ಸೇರಿ ಮುಚ್ಚಿದ ವಿಸ್ತೀರ್ಣ ಅಂತ ಪೂರ್ತಿ ಬರೆಯಿರಿ.

ಈ ಸಂಖ್ಯೆ ದೊಡ್ಡದೋ ಸಣ್ಣದೋ? 1999ರಲ್ಲಿ ಲೊ ಕೊಂಟೆ, ಚೋತಿಯಾ ಮತ್ತು ಜಾನಿನ್ 75 ಸಂಕೀರ್ಣಗಳನ್ನು ಅಳೆದು, ಸಾಮಾನ್ಯ ಗಾತ್ರದ ಇಂಟರ್‌ಫೇಸ್ ಎರಡೂ ಕಡೆ ಸೇರಿ 1,200ರಿಂದ 2,000 ಚದರ ಆಂಗ್‌ಸ್ಟ್ರಾಮ್ ಇರುತ್ತದೆ ಅಂತ ತೋರಿಸಿದರು. ನಮ್ಮದು ಆ ಗುಂಪಿನ ಮಧ್ಯದಲ್ಲೇ ಇದೆ.

ನಡುವೆ ಯಾರು, ಅಂಚಿನಲ್ಲಿ ಯಾರು

ಒಂದೊಂದು ರೆಸಿಡ್ಯೂಗೂ ಎರಡು ಸಂಖ್ಯೆ ತೆಗೆಯಿರಿ. ಒಂಟಿ ಇದ್ದಾಗ ಎಷ್ಟು ಹೊರಗೆ ತೆರೆದಿತ್ತು, ಜೊತೆಯಾದ ಮೇಲೆ ಎಷ್ಟು ತೆರೆದಿದೆ. ಚದರ ಆಂಗ್‌ಸ್ಟ್ರಾಮಿನಲ್ಲಿ ಹೋಲಿಸಿದರೆ ನ್ಯಾಯ ಆಗುವುದಿಲ್ಲ. ಟ್ರಿಪ್ಟೊಫಾನ್ ದೊಡ್ಡದು, ಪೂರ್ತಿ ತೆರೆದಾಗ 285 ಚದರ ಆಂಗ್‌ಸ್ಟ್ರಾಮ್. ಗ್ಲೈಸೀನ್ ಪುಟ್ಟದು, 104. ಹಾಗಾಗಿ ಆಯಾ ಅಮೈನೋ ಆಮ್ಲದ ಗರಿಷ್ಠ ಅಳತೆಯಿಂದ ಭಾಗಿಸಿ ಶೇಕಡಾ ಮಾಡಿಕೊಳ್ಳಿ.

ಈಗ ಶೇ. 25ರ ಗೆರೆ ಎಳೆಯಿರಿ. ಎಮ್ಯಾನುಯೆಲ್ ಲೆವಿ 2010ರಲ್ಲಿ ಹೇಳಿದ ಕ್ರಮ ಇದು, ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಒಂಟಿಯಾಗಿದ್ದಾಗ ಗೆರೆಯ ಮೇಲಿದ್ದು, ಜೊತೆಯಾದ ಮೇಲೆ ಕೆಳಗೆ ಹೋದರೆ ಅದು ನಡುಭಾಗ. ಜೊತೆಯಾದ ಮೇಲೂ ಗೆರೆಯ ಮೇಲೇ ಉಳಿದರೆ ಅಂಚು. ಮೊದಲೇ ಕೆಳಗಿದ್ದು ಇನ್ನಷ್ಟು ಮುಚ್ಚಿಕೊಂಡರೆ ಆಧಾರಭಾಗ. ಎಕ್ಸೆಲ್‌ನಲ್ಲಿ ಎರಡು ಷರತ್ತು ಹಾಕಿದರೆ ಮುಗಿಯಿತು.

ಆಮೇಲೆ ಯಾವ ಬಗೆಯ ಬೆಸುಗೆ ಅಂತ ಗುರುತಿಸಿ. ನೈಟ್ರೋಜನ್ ಅಥವಾ ಆಕ್ಸಿಜನ್ ಜೋಡಿ 3.5 ಆಂಗ್‌ಸ್ಟ್ರಾಮ್ ಒಳಗೆ ಇದ್ದು, ದಿಕ್ಕೂ ಹೊಂದಿದರೆ ಹೈಡ್ರೋಜನ್ ಬಂಧ. ಧನ ಆವೇಶದ ಲೈಸೀನ್ ಅಥವಾ ಆರ್ಜಿನೀನ್, ಋಣ ಆವೇಶದ ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್, ಇವುಗಳ ತುದಿಗಳು 4 ಆಂಗ್‌ಸ್ಟ್ರಾಮ್ ಒಳಗೆ ಇದ್ದರೆ ಸಾಲ್ಟ್ ಬ್ರಿಜ್. ನಮ್ಮ ರಚನೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಆರ್‌ಬಿಡಿಯ ಲೈಸೀನ್ 417 ಮತ್ತು ಏಸ್2ನ ಆಸ್ಪಾರ್ಟೇಟ್ 30. ಎಣ್ಣೆ ಸ್ವಭಾವದ ಜೋಡಣೆಗೆ ಉದಾಹರಣೆ ಫಿನೈಲ್‌ಅಲನೀನ್ 486. ಅದು ಏಸ್2ನ 79, 82, 83ನೇ ರೆಸಿಡ್ಯೂಗಳ ನಡುವಿನ ಗುಳಿಯಲ್ಲಿ ಹೋಗಿ ಕೂರುತ್ತದೆ. ಕೈಮೆರಾಎಕ್ಸ್‌ನಲ್ಲಿ ಹತ್ತಿರ ಹೋಗಿ ಒಂದು ಸಲ ಕಣ್ಣಾರೆ ನೋಡಿ. ಪಟ್ಟಿಯಲ್ಲಿ ಬರೀ ಸಂಖ್ಯೆಯಾಗಿದ್ದದ್ದು ಆಗ ಆಕಾರವಾಗುತ್ತದೆ.

ತಾಗುವ ಎಲ್ಲ ರೆಸಿಡ್ಯೂಗಳೂ ಸಮಾನವಾಗಿ ಭಾರ ಹೊರುವುದಿಲ್ಲ. ಮನುಷ್ಯರ ಬೆಳವಣಿಗೆ ಹಾರ್ಮೋನು ತನ್ನ ಗ್ರಾಹಕಕ್ಕೆ ಅಂಟುವ ಜಾಗದಲ್ಲಿ ಪ್ರತಿ ಕಡೆಯೂ ಸುಮಾರು 30 ರೆಸಿಡ್ಯೂಗಳು ತಾಗುತ್ತವೆ. ಕ್ಲಾಕ್ಸನ್ ಮತ್ತು ವೆಲ್ಸ್ ಗ್ರಾಹಕದ ಕಡೆಯ ರೆಸಿಡ್ಯೂಗಳನ್ನು ಒಂದೊಂದಾಗಿ ಅಲನೀನಿಗೆ ಬದಲಾಯಿಸಿ ನೋಡಿದರು. ಅಂಟುವ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುತ್ತಿದ್ದದ್ದು ಎರಡು ಟ್ರಿಪ್ಟೊಫಾನ್‌ಗಳು ಮುಖ್ಯವಾಗಿರುವ ಮಧ್ಯದ ಸಣ್ಣ ಜಾಗದಿಂದ. 1995ರಲ್ಲಿ ಬಂದ ಈ ಕೆಲಸದಿಂದಲೇ ಹಾಟ್‌ಸ್ಪಾಟ್ ಎಂಬ ಮಾತು ಈ ಕ್ಷೇತ್ರದಲ್ಲಿ ಬೇರೂರಿತು. ಹಾಗಾಗಿ ನಿಮ್ಮ ಪಟ್ಟಿ ನೋಡಿ ಯಾವುದು ಮುಖ್ಯ ಅಂತ ತೀರ್ಪು ಕೊಡಬೇಡಿ. ಪ್ರಯೋಗದ ಫಲಿತಾಂಶ ಸಿಕ್ಕಿದರೆ ಅದಕ್ಕೆ ಬೇರೆ ಅಂಕಣ ಮಾಡಿ. ಸಿಗದಿದ್ದರೆ ಖಾಲಿ ಬಿಡಿ.

ಪಟ್ಟಿಯ ಅಂಕಣಗಳು

ಎರಡು ಹಾಳೆ ಮಾಡಿ. ಮೊದಲನೆಯದರಲ್ಲಿ ಒಂದು ಇಂಟರ್‌ಫೇಸಿಗೆ ಒಂದೇ ಸಾಲು: ರಚನೆಯ ಗುರುತು, ಅಸೆಂಬ್ಲಿ ನಂಬರ್, ಎರಡು ಸರಪಳಿಗಳ ಹೆಸರು, ಎರಡು ಯುನಿಪ್ರಾಟ್ ಗುರುತು, ರೆಸಲ್ಯೂಶನ್, ಅಂತರದ ಮಿತಿ, ಮುಚ್ಚಿದ ವಿಸ್ತೀರ್ಣ, ನಿಜವಾದ ಜೋಡಿಯೋ ಅನುಮಾನವೋ, ಯಾವ ಸಾಫ್ಟ್‌ವೇರ್, ಅದರ ಯಾವ ಆವೃತ್ತಿ. ನಮ್ಮ ಉದಾಹರಣೆಯಲ್ಲಿ ಯುನಿಪ್ರಾಟ್ ಗುರುತು ಏಸ್2ಗೆ ಕ್ಯೂ9ಬಿವೈಎಫ್1, ಸ್ಪೈಕಿಗೆ ಪಿ0ಡಿಟಿಸಿ2. ಎರಡನೆಯ ಹಾಳೆಯಲ್ಲಿ ಒಂದು ರೆಸಿಡ್ಯೂ ಜೋಡಿಗೆ ಒಂದು ಸಾಲು: ಎರಡೂ ಕಡೆಯ ನಂಬರುಗಳು, ಅತಿ ಹತ್ತಿರದ ಅಂತರ, ಬೆಸುಗೆಯ ಬಗೆ, ನಡುವೋ ಅಂಚೋ.

ಎರಡು ಹಾಳೆಗಳನ್ನು ಕಟ್ಟುವ ಒಂದು ಗುರುತು ಬೇಕು. ರಚನೆ, ಅಸೆಂಬ್ಲಿ, ಸರಪಳಿಗಳು, ಇಷ್ಟನ್ನು ಜೋಡಿಸಿದರೆ ಸಾಕು. ಸರಪಳಿಗಳನ್ನು ಯಾವಾಗಲೂ ಅಕ್ಷರದ ಕ್ರಮದಲ್ಲೇ ಬರೆಯಿರಿ. ಇಲ್ಲದಿದ್ದರೆ ಎ-ಇ ಒಂದು ಸಲ, ಇ-ಎ ಇನ್ನೊಂದು ಸಲ ಅಂತ ಒಂದೇ ಇಂಟರ್‌ಫೇಸ್ ಎರಡಾಗಿ ಕೂರುತ್ತದೆ.

ಎಕ್ಸೆಲ್ ಬಳಸುವವರಿಗೆ ಒಂದು ಮಾತು. 1ಇ10 ತರಹದ ರಚನೆಯ ಗುರುತನ್ನು ಅದು ಸಂಖ್ಯೆ ಅಂದುಕೊಂಡು ಬದಲಾಯಿಸಿಬಿಡುತ್ತದೆ. ಆ ಅಂಕಣವನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಡಿ.

ಎರಡನೆಯ ರಚನೆ ಸೇರಿಸಿದಾಗ

ಒಂದೇ ಸಾಲಿನ ಪಟ್ಟಿ ಪಟ್ಟಿ ಅಲ್ಲ. ಈಗ 2ಎಜೆಎಫ್ ತನ್ನಿ. 2003ರ ಸುಮಾರಿಗೆ ಹರಡಿದ ಹಳೆಯ ಸಾರ್ಸ್ ವೈರಸ್ಸಿನ ಆರ್‌ಬಿಡಿ ಅದೇ ಏಸ್2 ಹಿಡಿದಿರುವ ರಚನೆ, 2005ರದು, 2.9 ಆಂಗ್‌ಸ್ಟ್ರಾಮ್. ಮೇಲಿನ ಹಂತಗಳನ್ನೆಲ್ಲ ಮತ್ತೆ ಮಾಡಿ. ತಕ್ಷಣ ಒಂದು ಸಮಸ್ಯೆ ಕಾಣುತ್ತದೆ. ಇದರಲ್ಲಿ ಎರಡು ಏಸ್2, ಎರಡು ಆರ್‌ಬಿಡಿ ಇವೆ. ಎ-ಇ ಒಂದು ಜೋಡಿ, ಬಿ-ಎಫ್ ಇನ್ನೊಂದು ಜೋಡಿ. ಎರಡೂ ಒಂದೇ ಇಂಟರ್‌ಫೇಸಿನ ಪ್ರತಿಗಳು.

ಪ್ರತಿ ಹೌದೋ ಅಲ್ಲವೋ ಅಂತ ಅಳೆಯಲು ಸರಳ ಲೆಕ್ಕ ಇದೆ. ಎರಡು ಪಟ್ಟಿಗಳಲ್ಲೂ ಇರುವ ರೆಸಿಡ್ಯೂ ಜೋಡಿಗಳನ್ನು ಎಣಿಸಿ, ಯಾವುದಾದರೂ ಒಂದರಲ್ಲಿ ಇರುವವನ್ನೆಲ್ಲ ಎಣಿಸಿ, ಭಾಗಿಸಿ. ಉದಾಹರಣೆಗೆ ಒಂದರಲ್ಲಿ 17, ಇನ್ನೊಂದರಲ್ಲಿ 18, ಎರಡರಲ್ಲೂ ಇರುವುದು 15 ಅಂತ ಇಟ್ಟುಕೊಳ್ಳಿ. ಒಟ್ಟು 20, ಹೋಲಿಕೆ 0.75. ಎಷ್ಟಿದ್ದರೆ ಪ್ರತಿ ಅಂತ ಕರೆಯುತ್ತೀರಿ ಅಂತ ನೀವೇ ತೀರ್ಮಾನ ಮಾಡಿ, ಬರೆದಿಡಿ. ಪ್ರತಿಯನ್ನು ಅಳಿಸಬೇಡಿ. ಒಂದನ್ನು ಪ್ರತಿನಿಧಿ ಮಾಡಿ, ಇನ್ನೊಂದನ್ನು ಅದೇ ಗುಂಪಿಗೆ ಸೇರಿಸಿ. ಎರಡು ಪ್ರತಿಗಳ ನಡುವಿನ ಸಣ್ಣ ವ್ಯತ್ಯಾಸದಿಂದ ಯಾವ ಸ್ಪರ್ಶ ಗಟ್ಟಿ, ಯಾವುದು ಅಲುಗಾಡುತ್ತದೆ ಅಂತಲೂ ತಿಳಿಯುತ್ತದೆ.

ಎರಡು ವೈರಸ್ಸುಗಳನ್ನು ಹೋಲಿಸಬೇಕಾದರೆ ಅಲೈನ್‌ಮೆಂಟ್ ಬೇಕು, ಅಂದರೆ ಎರಡು ಸರಪಳಿಗಳನ್ನು ಜಾಗಕ್ಕೆ ಜಾಗ ಹೊಂದಿಸಬೇಕು, ಯಾಕೆಂದರೆ ನಂಬರುಗಳು ಬೇರೆ. ಹೊಸದರ 493 ಹಳೆಯದರಲ್ಲಿ 479. ಹೊಸದರ 501 ಹಳೆಯದರಲ್ಲಿ 487. ಹೊಸದರ ಲೈಸೀನ್ 417 ಇರುವ ಜಾಗದಲ್ಲಿ ಹಳೆಯದರಲ್ಲಿ ವ್ಯಾಲೀನ್ 404 ಇದೆ. ವ್ಯಾಲೀನಿಗೆ ಆವೇಶ ಇಲ್ಲ. ಹಾಗಾಗಿ ಆ ಸಾಲ್ಟ್ ಬ್ರಿಜ್ ಹಳೆಯ ವೈರಸ್ಸಿನಲ್ಲಿ ಇಲ್ಲ. ಎರಡು ಸಾಲು ಅಕ್ಕಪಕ್ಕ ಇಟ್ಟಾಗ ಇಂಥದ್ದು ಕಣ್ಣಿಗೆ ಬೀಳುತ್ತದೆ.

ಸಾವಿರಾರು ರಚನೆಗಳಿಗೆ ಹೋಗುವವರು ಮೊದಲು ಒಂದೇ ತರಹದ ಪ್ರೋಟೀನುಗಳನ್ನು ಎಂಎಂಸೀಕ್ಸ್2 ತರಹದ ಸಾಧನದಿಂದ ಗುಂಪು ಮಾಡಿಕೊಳ್ಳಿ. ಇಲ್ಲದಿದ್ದರೆ ಜನಪ್ರಿಯ ಪ್ರೋಟೀನುಗಳೇ ಪಟ್ಟಿ ತುಂಬಿಕೊಳ್ಳುತ್ತವೆ.

ಪ್ರಯೋಗದ ರಚನೆ ಇಲ್ಲದ ಜೋಡಿಗಳಿಗೆ ಆಲ್ಫಾಫೋಲ್ಡ್ ಬಳಸಬಹುದು, ಅಮೈನೋ ಆಮ್ಲಗಳ ಸಾಲು ಕೊಟ್ಟರೆ ರಚನೆಯನ್ನು ಊಹಿಸುವ ಪ್ರೋಗ್ರಾಂ ಅದು. ಅದು ಕೊಡುವ ಐಪಿಟಿಎಂ ಎಂಬ ಅಂಕ ಎರಡು ಸರಪಳಿಗಳ ಜೋಡಣೆಯ ಮೇಲೆ ಎಷ್ಟು ಭರವಸೆ ಇಡಬಹುದು ಅಂತ ಹೇಳುತ್ತದೆ. 0.8ರ ಮೇಲಿದ್ದರೆ ಭರವಸೆ ಇಡಬಹುದು, 0.6ರ ಕೆಳಗಿದ್ದರೆ ಜೋಡಣೆ ತಪ್ಪಿರುವ ಸಾಧ್ಯತೆ ಜಾಸ್ತಿ. ಊಹೆಯಿಂದ ಬಂದದ್ದು, ಪ್ರಯೋಗದಿಂದ ಬಂದದ್ದು ಅಂತ ಮೊದಲ ಹಾಳೆಯಲ್ಲಿ ಒಂದು ಅಂಕಣ ಕಡ್ಡಾಯವಾಗಿ ಇರಲಿ. ಎರಡನ್ನೂ ಒಂದೇ ರಾಶಿಗೆ ಸುರಿಯುವುದು ನನಗೆ ಒಪ್ಪಿಗೆ ಇಲ್ಲ.

ಪಟ್ಟಿಗೆ ಒಂದು ಪ್ರಶ್ನೆ ಕೇಳಿ

ಪಟ್ಟಿ ಸರಿ ಇದೆಯಾ ಅಂತ ತಿಳಿಯಲು ಅದನ್ನು ಬಳಸಿಯೇ ನೋಡಬೇಕು. 2021ರ ಕೊನೆಯಲ್ಲಿ ಬಂದ ಓಮಿಕ್ರಾನ್‌ನ ಮೊದಲ ರೂಪ ಬಿಎ.1ರಲ್ಲಿ, ಆರ್‌ಬಿಡಿಯೊಳಗೆ 15 ಬದಲಾವಣೆಗಳು ಇದ್ದವು. ನಂಬರುಗಳು: 339, 371, 373, 375, 417, 440, 446, 477, 478, 484, 493, 496, 498, 501, 505. ಇವನ್ನು ಒಂದು ಅಂಕಣದಲ್ಲಿ ಹಾಕಿ, ನಿಮ್ಮ 17ರ ಪಟ್ಟಿಯೊಂದಿಗೆ ಹೊಂದಿಸಿ.

ಏಳು ಹೊಂದುತ್ತವೆ: 417, 446, 493, 496, 498, 501, 505. ಅಂದರೆ ಏಸ್2ಗೆ ನೇರವಾಗಿ ತಾಗುವ 17ರಲ್ಲಿ 7 ಬದಲಾಗಿದ್ದವು. 417ರಲ್ಲಿ ಲೈಸೀನ್ ಹೋಗಿ ಆಸ್ಪಾರಜೀನ್ ಬಂತು, ನಾವು ಗುರುತಿಸಿದ ಸಾಲ್ಟ್ ಬ್ರಿಜ್ ಮುರಿಯಿತು. ಆದರೂ ವೈರಸ್ ಅಂಟುವುದನ್ನು ಬಿಡಲಿಲ್ಲ, 501ರ ಟೈರೋಸೀನ್, 498ರ ಆರ್ಜಿನೀನ್ ತರಹದ ಬೇರೆ ಬದಲಾವಣೆಗಳು ಆ ನಷ್ಟ ತುಂಬಿದವು. ಉಳಿದ ಎಂಟು ನಮ್ಮ ಪಟ್ಟಿಯಲ್ಲಿ ಇಲ್ಲ. 484 ಅಂತೂ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುವುದಕ್ಕೆ ಹೆಸರಾದ ಜಾಗ, ಆದರೂ 4 ಆಂಗ್‌ಸ್ಟ್ರಾಮ್ ಪಟ್ಟಿಯಲ್ಲಿ ಬರುವುದಿಲ್ಲ. ನಾವು ಪಟ್ಟಿ ಮಾಡಿದ್ದು ಏಸ್2 ತಾಗುವ ಜಾಗವನ್ನು. ಪ್ರತಿಕಾಯ ತಾಗುವ ಜಾಗ ಬೇರೆ ಇಂಟರ್‌ಫೇಸ್, ಅದಕ್ಕೆ ಬೇರೆ ಸಾಲು ಬೇಕು. ಆರ್‌ಬಿಡಿ ಮತ್ತು ಪ್ರತಿಕಾಯ ಜೊತೆಗಿರುವ ರಚನೆಗಳು ಪಿಡಿಬಿಯಲ್ಲಿ ಬೇಕಾದಷ್ಟಿವೆ. ಮೂರನೆಯ ಸಾಲಿಗೆ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ, 484 ಅಲ್ಲಿ ಸಿಗುತ್ತದಾ ನೋಡಿ.